ಡಿಸೆಂಬರ್ ಕಿಟಕಿಯಲ್ಲಿ ಭರಣಿ ಮಳೆ: ಮನೆಯೊಳಗೆ ಅಮರಿಲಿಸ್ ಹೂ ಬಿಡಿಸುವುದು ಹೇಗೆ

ಅಮೆರಿಕದ ಉತ್ತರ ಭಾಗದ ನಮ್ಮ ಊರು ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್ ಮೂರನೇ ವಾರ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಇಡೀ ಹಗಲು ಅಂದರೆ ಎಂಟೂಮುಕ್ಕಾಲು ಗಂಟೆ, ಅಷ್ಟೇ. ಹಿತ್ತಿಲಲ್ಲಿ ಹಿಮ, ಮರಗಳಲ್ಲಿ ಎಲೆ ಇಲ್ಲ, ಆಕಾಶ ಬೂದಿ ಬಣ್ಣ. ಅಂಥ ದಿನಗಳಲ್ಲಿ ನಮ್ಮ ಅಡುಗೆಮನೆಯ ದಕ್ಷಿಣದ ಕಿಟಕಿಯಲ್ಲಿ ಒಂದು ದಪ್ಪ ಹಸಿರು ದಂಟಿನ ತುದಿಗೆ ಅಂಗೈಗಿಂತ ಅಗಲದ ನಾಲ್ಕು ಕೆಂಪು ಹೂಗಳು ನಾಲ್ಕು ದಿಕ್ಕಿಗೆ ಮುಖ ಮಾಡಿ ಅರಳಿ ನಿಂತಿರುತ್ತವೆ. ಮನೆಗೆ ಬಂದವರು ಬೂಟು ಬಿಚ್ಚುವ ಮೊದಲೇ ಕೇಳುತ್ತಾರೆ, ಇದು ನಿಜವಾದ ಹೂವಾ ಅಂತ.

ನಿಜವಾದದ್ದೇ. ಅಮರಿಲಿಸ್. ಅಕ್ಟೋಬರ್ ಬಂದರೆ ಇಲ್ಲಿನ ಅಂಗಡಿಗಳಲ್ಲಿ ಪೆಟ್ಟಿಗೆ ಪೆಟ್ಟಿಗೆ ಜೋಡಿಸಿಟ್ಟಿರುತ್ತಾರೆ. ಒಳಗೆ ದೊಡ್ಡ ಈರುಳ್ಳಿಯ ಹಾಗಿನ ಒಂದು ಗೆಡ್ಡೆ, ಒಂದು ಕುಂಡ, ಬಿಸ್ಕತ್ತಿನ ಹಾಗೆ ಒತ್ತಿದ ತೆಂಗಿನ ನಾರಿನ ಪುಡಿ. ಇಲ್ಲಿನ ಕನ್ನಡದವರ ಮನೆಗಳಲ್ಲೂ ಇದು ಕ್ರಿಸ್‌ಮಸ್ ಉಡುಗೊರೆಯಾಗಿ ಬಂದೇ ಬರುತ್ತದೆ. ಮೊದಲ ವರ್ಷ ಎಲ್ಲರ ಮನೆಯಲ್ಲೂ ಹೂ ಬಿಡುತ್ತದೆ. ಆಮೇಲೆ ಏನಾಗುತ್ತದೆ ಅಂದರೆ, ಅರ್ಧ ಜನ ಗೆಡ್ಡೆಯನ್ನು ಕಸಕ್ಕೆ ಹಾಕುತ್ತಾರೆ. ಉಳಿದವರು ಪ್ರೀತಿಯಿಂದ ನೀರು ಹಾಕುತ್ತಾ ಹೋಗುತ್ತಾರೆ, ಎರಡನೇ ವರ್ಷ ಬರೀ ಎಲೆ ನೋಡಿ ಬೇಜಾರು ಮಾಡಿಕೊಳ್ಳುತ್ತಾರೆ. 'ಎಲೆ ಎಷ್ಟು ಚೆನ್ನಾಗಿ ಬಂದಿದೆ, ಹೂ ಮಾತ್ರ ಇಲ್ಲ, ಯಾಕೆ?' ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕ ಇಲ್ಲ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯೋಣ ಅನ್ನಿಸಿತು.

ಉತ್ತರ ನನಗೆ ಸಿಕ್ಕಿದ್ದು ಮೈಸೂರಿನಲ್ಲಿ, ಅಮ್ಮನ ಹಿತ್ತಿಲಲ್ಲಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಸಾಲು ಲಿಲ್ಲಿ ಗಿಡ ಇದೆ. ಅಮ್ಮ ಅದನ್ನು ಕರೆಯುವುದೇ ಲಿಲ್ಲಿ ಅಂತ. ನಮ್ಮ ಕಡೆ ಉದ್ದ ಎಲೆ, ಗೆಡ್ಡೆ, ದೊಡ್ಡ ಹೂ ಇದ್ದರೆ ಅದು ಲಿಲ್ಲಿ, ಅಲ್ವಾ? ಆ ಸಾಲಿಗೆ ಯಾರೂ ಬೇಕಂತ ನೀರು ಹಾಕಿದವರಲ್ಲ. ಫೆಬ್ರವರಿ ಮಾರ್ಚ್‌ನಲ್ಲಿ ಮಣ್ಣು ಬಿರುಕು ಬಿಟ್ಟು ಎಲೆಯೆಲ್ಲ ಸೊರಗಿ ಮಲಗಿರುತ್ತದೆ. ಸತ್ತೇ ಹೋಯಿತು ಅನ್ನುವ ಹಾಗೆ. ಏಪ್ರಿಲ್‌ನಲ್ಲಿ ಅಶ್ವಿನಿ ಮಳೆ ಎರಡು ಹನಿ ಉದುರಿಸುತ್ತದೆ, ತಿಂಗಳ ಕೊನೆಗೆ ಭರಣಿ ಚೆನ್ನಾಗಿ ಹಿಡಿಯುತ್ತದೆ, ನೋಡ ನೋಡುತ್ತಿದ್ದ ಹಾಗೆ ಬರಿ ನೆಲದಿಂದ ದಂಟು ಎದ್ದು ಕೆಂಪು ಹೂ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ಲ, ಆ ಸಾಲಿಗೂ ಅದೇ ಮಾತು.

ಮಿನಿಯಾಪೊಲಿಸ್‌ನ ಪೆಟ್ಟಿಗೆಯಲ್ಲಿ ಬರುವ ಅಮರಿಲಿಸ್ ಕೂಡ ಇದೇ ಕುಲದ್ದು. ಬಣ್ಣ ಬೇರೆ, ಗಾತ್ರ ದೊಡ್ಡದು, ಆದರೆ ಸ್ವಭಾವ ಅದೇ. ಇದಕ್ಕೆ ಹೂ ಬಿಡಲು ಚಳಿಗಾಲ ಬೇಕಿಲ್ಲ. ಎಲೆ ತುಂಬಿಕೊಂಡು ಉಣ್ಣುವ ಕಾಲ, ಅದಾದ ಮೇಲೆ ಒಣಗಿ ಮಲಗುವ ಕಾಲ, ಆಮೇಲೆ ನೀರು ಮತ್ತು ಬೆಚ್ಚಗೆ, ಇಷ್ಟು ಸಾಕು. ಅದು ಕ್ಯಾಲೆಂಡರ್ ನೋಡುವುದಿಲ್ಲ, ಹಗಲು ಎಷ್ಟು ಉದ್ದ ಅಂತಲೂ ಅಳೆಯುವುದಿಲ್ಲ. ನಾವು ಮನೆಯೊಳಗೆ ಮಾಡುವುದು ಇಷ್ಟೇ, ಬೇಸಿಗೆಯನ್ನೂ ಭರಣಿ ಮಳೆಯನ್ನೂ ನಮಗೆ ಬೇಕಾದ ತಿಂಗಳಿಗೆ ಸರಿಸಿಕೊಳ್ಳುವುದು.

ಇದನ್ನು ಟುಲಿಪ್ ಜೊತೆ ಹೋಲಿಸಿ ನೋಡಿ, ವ್ಯತ್ಯಾಸ ಸ್ಪಷ್ಟವಾಗುತ್ತದೆ. ಟುಲಿಪ್ ಗೆಡ್ಡೆಗೆ ಮೂರು ನಾಲ್ಕು ತಿಂಗಳು ಗಟ್ಟಿ ಚಳಿ ಬೇಕೇ ಬೇಕು, ಇಲ್ಲದಿದ್ದರೆ ಹೂವಿನ ದಂಟು ಸರಿಯಾಗಿ ಮೇಲೇಳುವುದೇ ಇಲ್ಲ. ಅದಕ್ಕೇ ಅದನ್ನು ಫ್ರಿಜ್‌ನಲ್ಲಿ ಇಟ್ಟು ಏಮಾರಿಸುತ್ತಾರೆ. ಅಮರಿಲಿಸ್‌ಗೆ ಅದೇ ಮಾಡಲು ಹೋದರೆ ಗೆಡ್ಡೆ ಹಾಳಾಗಬಹುದು. ಇದು ಬಿಸಿಲು ನಾಡಿನ ಗಿಡ. ದಯವಿಟ್ಟು ಫ್ರಿಜ್‌ಗೆ ಇಡಬೇಡಿ.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ನಾವು ಅಮರಿಲಿಸ್ ಅಂತ ಕೊಳ್ಳುವ ಗೆಡ್ಡೆಯ ಸಸ್ಯಶಾಸ್ತ್ರದ ಹೆಸರು ಹಿಪ್ಪಿಯಾಸ್ಟ್ರಮ್. ಇದರ ಮೂಲ ದಕ್ಷಿಣ ಅಮೆರಿಕ: ಬ್ರೆಜಿಲ್, ಬೊಲಿವಿಯಾ, ಪೆರು, ಅರ್ಜೆಂಟಿನಾ ಕಡೆಗಳು. ನಿಜವಾದ ಅಮರಿಲಿಸ್ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ಬೇರೆ ಗಿಡ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಅಮರಿಲಿಸ್ ಅನ್ನುವ ಹೆಸರು ಕೊಟ್ಟಾಗ ಎರಡೂ ಕಡೆಯ ಗಿಡಗಳು ಅದರಡಿ ಸೇರಿಕೊಂಡಿದ್ದವು. 1821ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಬರ್ಟ್ ಅನ್ನುವ ಪಾದ್ರಿ, ಇಂಥ ಗೆಡ್ಡೆ ಗಿಡಗಳನ್ನು ಬಹಳ ಹತ್ತಿರದಿಂದ ನೋಡಿದವರು, ಅಮೆರಿಕದ ಗುಂಪನ್ನು ಬೇರೆ ಮಾಡಿ ಹಿಪ್ಪಿಯಾಸ್ಟ್ರಮ್ ಅಂತ ಕರೆದರು. ಗ್ರೀಕ್‌ನಲ್ಲಿ ಕುದುರೆ ಸವಾರನ ನಕ್ಷತ್ರ ಅನ್ನುವ ಅರ್ಥ ಬರುತ್ತದೆ. ಹಳೆಯ ಹೆಸರು ಯಾವ ಗಿಡಕ್ಕೆ ಸೇರಬೇಕು ಅನ್ನುವ ಜಗಳ ಮುಗಿದದ್ದು 1987ರಲ್ಲಿ, ಬರ್ಲಿನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ. ಹೆಸರು ಆಫ್ರಿಕಾದ ಗಿಡಕ್ಕೆ ಹೋಯಿತು. ಅಂಗಡಿಯವರು ಮಾತ್ರ ಇವತ್ತಿಗೂ ಅಮರಿಲಿಸ್ ಅಂತಲೇ ಮಾರುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಇನ್ನೊಂದು ಮಾತು ನನಗೆ ತುಂಬಾ ಇಷ್ಟ. ಇದರ ಮೊದಲ ಮಿಶ್ರತಳಿ ಮಾಡಿದ್ದು ಆರ್ಥರ್ ಜಾನ್ಸನ್ ಅನ್ನುವ ಗಡಿಯಾರ ತಯಾರಿಸುವವರು. 1799ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ. ಕೆಂಪಿಗೆ ಬಿಳಿ ಗೆರೆ ಇರುವ ಆ ತಳಿ ಈಗಲೂ ಅವರ ಹೆಸರಿನಲ್ಲೇ ಇದೆ.

ಈಗ ಗೆಡ್ಡೆಯೊಳಗೆ ಹೋಗೋಣ. ಇದೊಂದು ಗೊತ್ತಾದರೆ ಮಿಕ್ಕ ಎಲ್ಲ ಸಲಹೆ ತಾನಾಗಿ ಅರ್ಥವಾಗುತ್ತದೆ.

ನನ್ನ ಮೊದಲ ಗೆಡ್ಡೆ ಎರಡನೇ ವರ್ಷ ಕೊಳೆತುಹೋಯಿತು. ನೀರು ಜಾಸ್ತಿ ಹಾಕಿದ್ದೆ, ತಪ್ಪು ನನ್ನದೇ. ಎಸೆಯುವ ಮೊದಲು ಈಳಿಗೆಮಣೆಯ ಮೇಲೆ ಅಲ್ಲ, ಹಳೆ ಚಾಕು ತೆಗೆದುಕೊಂಡು ಸಿಂಕ್ ಪಕ್ಕ ಹಳೆ ಪೇಪರ್ ಹಾಸಿ ಅದನ್ನು ಮೇಲಿಂದ ಕೆಳಗೆ ಸರಿಯಾಗಿ ಎರಡು ಹೋಳು ಮಾಡಿದೆ. ಒಂದು ಪಕ್ಕ ಕಂದು ಬಣ್ಣಕ್ಕೆ ತಿರುಗಿ ಲೊಳಲೊಳ ಅನ್ನುತ್ತಿತ್ತು. ಇನ್ನೊಂದು ಪಕ್ಕ ಇನ್ನೂ ಗಟ್ಟಿ, ಬೆಳ್ಳಗೆ, ಈರುಳ್ಳಿಯ ಹಾಗೇ ಪದರದ ಮೇಲೆ ಪದರ. ಆ ಪದರಗಳ ನಡುವೆ, ಬೆಳೆಯುವ ತುದಿಯ ಹತ್ತಿರ, ಅಕ್ಕಿ ಕಾಳಿನಷ್ಟು ಚಿಕ್ಕದೊಂದು ಬಿಳಿ ಮೊಗ್ಗು. ಅದರಿಂದ ನಾಲ್ಕು ಪದರ ಆಚೆಗೆ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಇನ್ನೊಂದು ಮೊಗ್ಗು. ಇನ್ನೂ ನಾಲ್ಕು ಪದರ ಆಚೆ, ಒಣಗಿ ಕಾಗದದ ಹಾಗಾಗಿದ್ದ ಮೂರನೆಯದು. ಹೊರಗೇ ಬಾರದೆ ಒಳಗೇ ಸತ್ತ ಹೂ ಅದು.

ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ. ಗೆಡ್ಡೆಯ ಪದರ ಅಂದರೆ ಎಲೆಯ ಬುಡವೇ. ಗಿಡ ಸುಮಾರು ನಾಲ್ಕು ಎಲೆ ಮಾಡಿತು ಅಂದರೆ ಒಂದು ಹೂವಿನ ಮೊಗ್ಗನ್ನು ಕಟ್ಟುತ್ತದೆ. ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಗ್ಗು. ಆ ಮೊಗ್ಗು ತಕ್ಷಣ ಹೊರಗೆ ಬರುವುದಿಲ್ಲ. ಒಂದು ವರ್ಷಕ್ಕೂ ಜಾಸ್ತಿ ಗೆಡ್ಡೆಯೊಳಗೇ ನಿಧಾನವಾಗಿ ಬೆಳೆಯುತ್ತದೆ. ಆ ಕಾಲದಲ್ಲಿ ಗಿಡಕ್ಕೆ ಊಟ ಕಡಿಮೆಯಾದರೆ, ಗಿಡ ಮೊಗ್ಗನ್ನು ಕೈಬಿಡುತ್ತದೆ. ಒಣಗಿದ ಕಾಗದದ ಹಾಗಿದ್ದ ಆ ಮೂರನೆಯ ಮೊಗ್ಗು ಅದೇ.

ಅಂದರೆ ಈ ಡಿಸೆಂಬರ್‌ನಲ್ಲಿ ಅರಳುವ ಹೂ ಈ ಡಿಸೆಂಬರ್‌ನಲ್ಲಿ ತಯಾರಾದದ್ದಲ್ಲ. ಹೋದ ವರ್ಷದ ಎಲೆಗಳು ಬಿಸಿಲು ಉಂಡು ಕಟ್ಟಿಟ್ಟದ್ದು. ಅಂಗಡಿಯ ಗೆಡ್ಡೆ ಮೊದಲ ವರ್ಷ ಹೂ ಬಿಡುವುದು ನಮ್ಮ ಆರೈಕೆಯಿಂದ ಅಲ್ಲ, ಅದನ್ನು ಬೆಳೆಸಿದ ರೈತರ ಆರೈಕೆಯಿಂದ. ಅವರು ಅದಕ್ಕೆ ಎರಡು ಮೂರು ವರ್ಷ ಚೆನ್ನಾಗಿ ಉಣಿಸಿ, ಒಣಗಿಸಿ, ಮಲಗಿಸಿ ಕಳಿಸಿರುತ್ತಾರೆ. ಎರಡನೇ ವರ್ಷದ ಹೂ ಮಾತ್ರ ಪೂರ್ತಿ ನಮ್ಮ ಲೆಕ್ಕದ್ದು.

ಗೆಡ್ಡೆ ಕೊಳ್ಳುವಾಗ ನೋಡಬೇಕಾದ್ದು ಗಾತ್ರ. ಇದನ್ನು ಸುತ್ತಳತೆಯ ಸೆಂಟಿಮೀಟರ್‌ನಲ್ಲಿ ಹೇಳುತ್ತಾರೆ: 24/26, 28/30, 34/36 ಹೀಗೆ. ಗೆಡ್ಡೆ ದೊಡ್ಡದಿದ್ದಷ್ಟೂ ಒಳಗೆ ಕೂಡಿಟ್ಟ ಊಟ ಜಾಸ್ತಿ, ಮೊಗ್ಗುಗಳೂ ಜಾಸ್ತಿ. ಚಿಕ್ಕದರಲ್ಲಿ ಒಂದು ದಂಟು ಬಂದರೆ 34ರ ಗೆಡ್ಡೆಯಲ್ಲಿ ಎರಡು, ಕೆಲವೊಮ್ಮೆ ಮೂರು ಬರುತ್ತದೆ. ಒಂದೊಂದು ದಂಟಿಗೆ ಸಾಮಾನ್ಯವಾಗಿ ನಾಲ್ಕು ಹೂ. ಹಾಗಾಗಿ ದುಡ್ಡು ಉಳಿಸಲು ಚಿಕ್ಕದು ತರುವುದಕ್ಕಿಂತ ಒಂದೇ ದೊಡ್ಡದು ತರುವುದು ಲಾಭ ಅನ್ನುವುದು ನನ್ನ ಅಭಿಪ್ರಾಯ. ಕೈಯಲ್ಲಿ ಹಿಡಿದರೆ ಭಾರ ಇರಬೇಕು, ಒತ್ತಿದರೆ ಗಟ್ಟಿ ಇರಬೇಕು, ಬುಡದಲ್ಲಿ ಬೂಸ್ಟು ಇರಬಾರದು. ದಕ್ಷಿಣ ಆಫ್ರಿಕಾ, ಪೆರು ಕಡೆಯಿಂದ ಬಂದ ಗೆಡ್ಡೆಗಳು ಕ್ರಿಸ್‌ಮಸ್ ಹೊತ್ತಿಗೇ ಅರಳುತ್ತವೆ, ಯಾಕೆಂದರೆ ಅಲ್ಲಿ ಋತು ನಮಗೆ ಉಲ್ಟಾ, ಅವು ಮೊದಲೇ ಮಲಗಿ ಎದ್ದಿರುತ್ತವೆ. ಹಾಲೆಂಡಿನವು ಹೆಚ್ಚಾಗಿ ಜನವರಿಯಿಂದ ಮುಂದಕ್ಕೆ. ತಳಿಗಳಲ್ಲಿ ಮೊದಲ ಸಲದವರಿಗೆ ರೆಡ್ ಲಯನ್ ಅಥವಾ ಆಪಲ್ ಬ್ಲಾಸಮ್ ಒಳ್ಳೆಯದು. ಒಂದು ಅಚ್ಚ ಕೆಂಪು, ಇನ್ನೊಂದು ಬಿಳಿಗೆ ತಿಳಿ ಗುಲಾಬಿ. ಎರಡೂ ಕೈಕೊಡುವುದು ಕಡಿಮೆ.

ನೆಡುವುದು ಐದು ನಿಮಿಷದ ಕೆಲಸ. ಕುಂಡ ದೊಡ್ಡದು ಬೇಡ. ಗೆಡ್ಡೆಗೂ ಕುಂಡದ ಅಂಚಿಗೂ ನಡುವೆ ಸುತ್ತ ಒಂದು ಇಂಚು ಜಾಗ ಇದ್ದರೆ ಸಾಕು. ಕುಂಡ ದೊಡ್ಡದಾದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಂತು ಕೊಳೆ ಶುರುವಾಗುತ್ತದೆ. ಆದರೆ ಕುಂಡ ಭಾರವಾಗಿರಲಿ, ಮಣ್ಣಿನದ್ದಾದರೆ ಒಳ್ಳೆಯದು. ಎರಡು ಅಡಿ ದಂಟಿನ ತುದಿಗೆ ನಾಲ್ಕು ಹೂ ಅರಳಿದಾಗ ತೂಕವೆಲ್ಲ ಮೇಲಿರುತ್ತದೆ, ಹಗುರ ಪ್ಲಾಸ್ಟಿಕ್ ಕುಂಡ ಮಗುಚಿಕೊಳ್ಳುತ್ತದೆ. ಕೆಳಗೆ ತೂತು ಇರಲೇಬೇಕು. ನೀರು ಇಳಿದುಹೋಗುವ ಮಣ್ಣು ಹಾಕಿ, ಗೆಡ್ಡೆಯ ಮೇಲಿನ ಮೂರನೇ ಒಂದು ಭಾಗ ಹೊರಗೆ ಕಾಣುವ ಹಾಗೆ ನೆಡಿ. ಕುತ್ತಿಗೆಯವರೆಗೆ ಹೂತುಬಿಡಬೇಡಿ. ಬೇರುಗಳು ದಪ್ಪಗೆ, ಬಿಳಿಯಾಗಿ, ದಾರದ ಹಾಗಿರುತ್ತವೆ. ಒಣಗಿದ್ದನ್ನು ಬಿಟ್ಟು ಮಿಕ್ಕವನ್ನು ಕತ್ತರಿಸಬೇಡಿ. ಇವು ವರ್ಷದಿಂದ ವರ್ಷಕ್ಕೆ ಉಳಿಯುವ ಬೇರುಗಳು.

ಇನ್ನು ನೀರು. ಹೆಚ್ಚಿನ ಗೆಡ್ಡೆಗಳು ಸಾಯುವುದು ಇಲ್ಲೇ. ನೆಟ್ಟ ದಿನ ಒಂದು ಸಲ ಉಗುರು ಬೆಚ್ಚಗಿನ ನೀರು ಚೆನ್ನಾಗಿ ಹಾಕಿ, ಕೆಳಗಿನ ತಟ್ಟೆಗೆ ಇಳಿದದ್ದನ್ನು ಚೆಲ್ಲಿಬಿಡಿ. ಆಮೇಲೆ ಹಸಿರು ತುದಿ ಕಾಣುವವರೆಗೆ ಕೈ ಕಟ್ಟಿಕೊಂಡಿರಿ. ಎಲೆ ಇಲ್ಲದ ಗಿಡ ನೀರು ಕುಡಿಯುವುದು ತೀರಾ ಕಡಿಮೆ. ಕುಡಿಯದ ನೀರು ಬುಡದಲ್ಲಿ ನಿಲ್ಲುತ್ತದೆ. ಬೆರಳು ಒಂದು ಇಂಚು ಮಣ್ಣಿನೊಳಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಅರ್ಧ ಲೋಟ. ಗೆಡ್ಡೆಯ ನೆತ್ತಿಯ ಮೇಲೆ ಸುರಿಯದೆ ಸುತ್ತಲೂ ಹಾಕಿ. ತುದಿ ಎರಡು ಇಂಚು ಮೇಲೆ ಬಂದ ಮೇಲೆ ನಿಧಾನವಾಗಿ ಜಾಸ್ತಿ ಮಾಡಬಹುದು.

ಈ ಮೊದಲ ಎರಡು ವಾರ ಬೇರಿಗೆ ಬೆಚ್ಚಗೆ ಬೇಕು, 21ರಿಂದ 24 ಡಿಗ್ರಿ ಸೆಲ್ಸಿಯಸ್. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಬೆಳಕು ಬೇಕು ಅಂತ ನೆಟ್ಟ ಕುಂಡವನ್ನು ನೇರ ಕಿಟಕಿಯ ಹಲಗೆಗೆ ಇಡುತ್ತಾರೆ. ಹೊರಗೆ ಮೈನಸ್ 20 ಇರುವಾಗ ಆ ಗಾಜಿನ ಪಕ್ಕದ ಕಲ್ಲು ಮುಟ್ಟಿ ನೋಡಿ, ಕೈ ಸೆಳೆಯುತ್ತದೆ. ಮನೆಯ ಹೀಟರ್ 21 ತೋರಿಸುತ್ತಿದ್ದರೂ ಕುಂಡದ ಬುಡ ತಣ್ಣಗಿರುತ್ತದೆ, ಬೇರು ಏಳುವುದಿಲ್ಲ. ನಾನು ತುದಿ ಕಾಣುವವರೆಗೆ ಫ್ರಿಜ್‌ನ ತಲೆಯ ಮೇಲೆ ಇಡುತ್ತೇನೆ. ಅಲ್ಲಿ ಯಾವಾಗಲೂ ಸ್ವಲ್ಪ ಬೆಚ್ಚಗಿರುತ್ತದೆ, ಆ ಹಂತದಲ್ಲಿ ಬೆಳಕಿನ ಅಗತ್ಯವೂ ಇಲ್ಲ. ತುದಿ ಎದ್ದ ಮೇಲೆ ದಕ್ಷಿಣದ ಕಿಟಕಿಗೆ, ಕೆಳಗೊಂದು ಮರದ ಮಣೆ ಇಟ್ಟು.

ಮೊದಲು ಬರುವುದು ಎಲೆಯೋ ಹೂವೋ ಅನ್ನುವ ಕಾತರ ಎಲ್ಲರಿಗೂ ಇರುತ್ತದೆ. ಹತ್ತಿರದಿಂದ ನೋಡಿದರೆ ಮೊದಲ ವಾರವೇ ಹೇಳಬಹುದು. ಎಲೆ ಗೆಡ್ಡೆಯ ನಡು ಮಧ್ಯದಿಂದ ಬರುತ್ತದೆ, ತೆಳ್ಳಗೆ, ಚಪ್ಪಟೆಯಾಗಿ, ನಾಲಿಗೆಯ ಹಾಗೆ. ಹೂವಿನ ದಂಟು ಸ್ವಲ್ಪ ಪಕ್ಕಕ್ಕೆ ಸರಿದು ಬರುತ್ತದೆ, ದಪ್ಪಗೆ, ಉಬ್ಬಿಕೊಂಡು, ಮುಚ್ಚಿದ ಗಿಳಿ ಕೊಕ್ಕಿನ ಹಾಗೆ. ಬೆರಳಿನಿಂದ ಮೆಲ್ಲಗೆ ಹಿಡಿದರೆ ಒಳಗೆ ತುಂಬಿಕೊಂಡಿರುವುದು ಗೊತ್ತಾಗುತ್ತದೆ. ಆಮೇಲೆ ಅದರ ಓಟ ನೋಡಬೇಕು. ಕೆಲವು ದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಇದ್ದದ್ದು ರಾತ್ರಿ ಊಟದ ಹೊತ್ತಿಗೆ ಒಂದು ಇಂಚು ಮೇಲೆ ಹೋಗಿರುತ್ತದೆ. ನಮ್ಮ ಮನೆಯ ಮಕ್ಕಳು ಕಿಟಕಿಯ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ದಿನಾಂಕ ಬರೆಯುತ್ತಾರೆ. ದಂಟು ಬೆಳಕಿನ ಕಡೆಗೆ ವಾಲುತ್ತದೆ, ಅದಕ್ಕೆ ಎರಡು ದಿನಕ್ಕೊಮ್ಮೆ ಕುಂಡ ಕಾಲು ಸುತ್ತು ತಿರುಗಿಸಬೇಕು. ವಾಲಿಯೇಬಿಟ್ಟರೆ ಗೆಡ್ಡೆಗೆ ತಾಗದ ಹಾಗೆ ಒಂದು ಕೋಲು ನೆಟ್ಟು ಸಡಿಲವಾಗಿ ಕಟ್ಟಿ.

ನೆಟ್ಟು ಆರರಿಂದ ಎಂಟು ವಾರಕ್ಕೆ ಹೂ. ಮೊಗ್ಗಿನ ಕವಚ ಒಡೆದು ಬಣ್ಣ ಕಾಣುತ್ತಿದ್ದ ಹಾಗೆ ಕುಂಡವನ್ನು ನೇರ ಬಿಸಿಲಿನಿಂದ ಸರಿಸಿ ಸ್ವಲ್ಪ ತಣ್ಣನೆಯ ಜಾಗಕ್ಕೆ, 18 ಡಿಗ್ರಿ ಸುತ್ತಮುತ್ತ ಇರುವಲ್ಲಿಗೆ ತನ್ನಿ. ಬೆಚ್ಚಗಿದ್ದರೆ ಹೂ ಬೇಗ ಬಾಡುತ್ತದೆ. ತಣ್ಣಗಿದ್ದರೆ ಒಂದು ದಂಟು ಎರಡು ವಾರವಾದರೂ ನಿಲ್ಲುತ್ತದೆ. ಹೂದಾನಿಯಲ್ಲಿ ಇಡುವ ಆಸೆ ಇದ್ದರೆ ದಂಟು ಕತ್ತರಿಸಿ, ಅದರಿಂದ ಗೆಡ್ಡೆಗೆ ನಷ್ಟವಿಲ್ಲ. ದಂಟು ಒಳಗೆ ಟೊಳ್ಳು. ಅದನ್ನು ತಲೆಕೆಳಗು ಹಿಡಿದು ನೀರು ತುಂಬಿ, ಹತ್ತಿ ಉಂಡೆ ತುರುಕಿ ನಿಲ್ಲಿಸಿದರೆ ಬಹಳ ದಿನ ಬರುತ್ತದೆ. ಕತ್ತರಿಸಿದ ತುದಿ ಸೀಳಿ ಸುರುಳಿಯಾಗದಿರಲು ಒಂದು ರಬ್ಬರ್ ಬ್ಯಾಂಡ್ ಹಾಕಿ.

ಹೂ ಬಾಡಿತು. ಇಲ್ಲಿಂದ ಮುಂದಿನ ವರ್ಷದ ಕೆಲಸ ಶುರು, ಮತ್ತು ನನ್ನ ಪ್ರಕಾರ ನಿಜವಾದ ತೋಟಗಾರಿಕೆ ಶುರುವಾಗುವುದೂ ಇಲ್ಲಿಂದಲೇ. ಬಾಡಿದ ಹೂವನ್ನು ಹಿಂದಿನ ಹಸಿರು ಉಬ್ಬಿನ ಸಮೇತ ಚಿವುಟಿ ತೆಗೆಯಿರಿ. ಇಲ್ಲದಿದ್ದರೆ ಅದು ಬೀಜ ಕಟ್ಟಲು ಹೋಗಿ ಗೆಡ್ಡೆಯ ಶಕ್ತಿ ಬಳಸುತ್ತದೆ. ಹಸಿರು ದಂಟನ್ನು ಮಾತ್ರ ಹಳದಿಯಾಗುವವರೆಗೆ ಬಿಡಿ, ಅದೂ ಬೆಳಕಿನಿಂದ ಊಟ ಮಾಡುತ್ತದೆ. ಈಗ ಎಲೆಗಳು ಉದ್ದವಾಗಿ ಬರುತ್ತವೆ. ನೋಡಲು ಅಂಥಾ ಚೆಂದ ಏನಿಲ್ಲ, ಅದಕ್ಕೇ ಜನ ಕತ್ತರಿಸಿಬಿಡುತ್ತಾರೆ. ದಯವಿಟ್ಟು ಕತ್ತರಿಸಬೇಡಿ. ನಾಲ್ಕು ಎಲೆಗೆ ಒಂದು ಮೊಗ್ಗು ಅಂತ ಹೇಳಿದೆನಲ್ಲ, ಆ ಎಲೆಗಳು ಇವೇ. ಮನೆಯಲ್ಲಿರುವ ಅತಿ ಹೆಚ್ಚು ಬೆಳಕಿನ ಜಾಗ ಇವಕ್ಕೆ ಕೊಡಿ.

ಮೇ ಮಧ್ಯದಲ್ಲಿ, ಕೊನೆಯ ಹಿಮದ ಭಯ ಕಳೆದ ಮೇಲೆ, ಕುಂಡ ಹೊರಗೆ. ಮೊದಲ ಹತ್ತು ದಿನ ನೆರಳಿನಲ್ಲಿ. ಮನೆಯೊಳಗೆ ಬೆಳೆದ ಎಲೆ ನೇರ ಬಿಸಿಲಿಗೆ ಬಿದ್ದರೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಆಮೇಲೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಕಡೆ. ಎರಡು ವಾರಕ್ಕೊಮ್ಮೆ ದ್ರವ ಗೊಬ್ಬರ, ಡಬ್ಬಿಯ ಮೇಲೆ ಹೇಳಿದ್ದರ ಅರ್ಧದಷ್ಟು. ಬೇಸಿಗೆ ಮುಗಿಯುವ ಹೊತ್ತಿಗೆ ಎಂಟು ಹತ್ತು ಎಲೆ ಬಂದಿದ್ದರೆ ಸಮಾಧಾನವಾಗಿರಿ. ಮೂರೇ ಎಲೆ ಬಂದಿದ್ದರೆ ಮುಂದಿನ ಚಳಿಗಾಲಕ್ಕೆ ಹೂ ಅನುಮಾನ, ಗಿಡಕ್ಕೆ ಬೆಳಕು ಸಾಲದು ಅಂತ ಅರ್ಥ.

ಮಲಗಿಸುವುದು ಯಾವಾಗ, ಎಬ್ಬಿಸುವುದು ಯಾವಾಗ ಅನ್ನುವುದಕ್ಕೆ ನಾನು ನಮ್ಮ ಹಬ್ಬಗಳನ್ನೇ ಇಟ್ಟುಕೊಂಡಿದ್ದೇನೆ. ಗಣೇಶನ ಹಬ್ಬಕ್ಕೆ ಕುಂಡ ಒಳಗೆ, ನೀರು ಬಂದ್. ಆಮೇಲೆ ಒಂದು ಹನಿಯೂ ಇಲ್ಲ. ಎಲೆ ಹಳದಿಯಾಗಿ ಒಣಗಲಿ, ಒಣಗಿದ ಮೇಲೆ ಕತ್ತರಿಸಿ. ನೆಲಮಾಳಿಗೆಯ ಕತ್ತಲ ಮೂಲೆಯಲ್ಲಿ, 13 ಡಿಗ್ರಿಯ ಆಸುಪಾಸು, ಕುಂಡದ ಸಮೇತ ಹಾಗೇ ಇಡಿ. ಗೆಡ್ಡೆ ಕೀಳುವ ಅಗತ್ಯವಿಲ್ಲ. ಎಂಟರಿಂದ ಹತ್ತು ವಾರ ಈ ನಿದ್ದೆ ಬೇಕು. ಗಣೇಶನಿಂದ ದೀಪಾವಳಿಗೆ ಹೆಚ್ಚು ಕಡಿಮೆ ಎಂಟು ವಾರ. ಹಾಗಾಗಿ ದೀಪಾವಳಿಗೆ ಮೇಲೆ ತಂದು, ಮೇಲ್ಮಣ್ಣು ಎರಡು ಇಂಚು ಬದಲಿಸಿ, ಮೊದಲ ನೀರು. ನನ್ನ ಮಟ್ಟಿಗೆ ಅದೇ ಭರಣಿ ಮಳೆ. ಕ್ರಿಸ್‌ಮಸ್‌ನಿಂದ ಸಂಕ್ರಾಂತಿಯವರೆಗೆ ಕಿಟಕಿಯಲ್ಲಿ ಬಣ್ಣ. ನಾಲ್ಕೈದು ಗೆಡ್ಡೆ ಇದ್ದರೆ ಎಲ್ಲವನ್ನೂ ಒಂದೇ ದಿನ ಎಬ್ಬಿಸಬೇಡಿ, ಎರಡು ವಾರಕ್ಕೊಂದು ಎಬ್ಬಿಸಿ. ಯುಗಾದಿ ಹತ್ತಿರ ಬರುವವರೆಗೆ ಒಂದಲ್ಲ ಒಂದು ಅರಳುತ್ತಲೇ ಇರುತ್ತದೆ.

ಹಬ್ಬದ ತಾರೀಖು ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ ನಿಜ, ಒಂದೆರಡು ವಾರದ ವ್ಯತ್ಯಾಸಕ್ಕೆ ಗೆಡ್ಡೆ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ರಾತ್ರಿ ತಾಪಮಾನ 10ಕ್ಕಿಂತ ಕೆಳಗೆ ಇಳಿಯತೊಡಗಿದರೆ ಹಬ್ಬಕ್ಕೆ ಕಾಯದೆ ಒಳಗೆ ತಂದುಬಿಡಿ.

ಮಲಗಿಸದೇ ಇದ್ದರೆ ಹೂವೇ ಬಿಡುವುದಿಲ್ಲವಾ ಅಂತ ಕೇಳಬಹುದು. ಬಿಡಬಹುದು. ವರ್ಷವಿಡೀ ಹಸಿರಾಗಿಟ್ಟ ಗಿಡಗಳೂ ಎಷ್ಟೋ ಸಲ ವಸಂತದಲ್ಲಿ ತಾವಾಗಿಯೇ ಹೂ ಬಿಡುತ್ತವೆ. ಒಳಗೆ ಮೊಗ್ಗು ಇದ್ದರೆ ಅದು ಒಂದಲ್ಲ ಒಂದು ದಿನ ಹೊರಗೆ ಬರಲೇಬೇಕು. ನಿದ್ದೆಯಿಂದ ಸಿಗುವುದು ಸಮಯದ ಹಿಡಿತ, ನಮಗೆ ಬೇಕಾದ ತಿಂಗಳಲ್ಲಿ ಅರಳಿಸುವ ಅವಕಾಶ. ಮೊಗ್ಗೇ ಇಲ್ಲದ ಗೆಡ್ಡೆಯನ್ನು ಎಷ್ಟು ವಾರ ಕತ್ತಲಲ್ಲಿ ಇಟ್ಟರೂ ಹೂ ಬರುವುದಿಲ್ಲ. ಅದಕ್ಕೇ ಬರೀ ಎಲೆ ಬರುತ್ತಿದೆ ಅನ್ನುವವರಿಗೆ ನಾನು ಮೊದಲು ಕೇಳುವುದು ನಿದ್ದೆಯ ಬಗ್ಗೆ ಅಲ್ಲ, ಹೋದ ಬೇಸಿಗೆಯಲ್ಲಿ ಗಿಡ ಎಲ್ಲಿತ್ತು ಅಂತ. ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ, ಸೋಫಾ ಪಕ್ಕದ ಮೂಲೆಯಲ್ಲಿ.

ರೋಗಗಳಲ್ಲಿ ಒಂದನ್ನು ಗುರುತು ಹಿಡಿಯಲು ಕಲಿಯಿರಿ. ಎಲೆ, ದಂಟು, ಗೆಡ್ಡೆಯ ಮೇಲೆ ಇಟ್ಟಿಗೆ ಕೆಂಪಿನ ಮಚ್ಚೆ, ಗೆರೆಗಳು ಬರುತ್ತವೆ, ದಂಟು ಮಚ್ಚೆಯ ಕಡೆಗೆ ಬಾಗುತ್ತದೆ. ಇದು ಸ್ಟಗನೋಸ್ಪೊರ ಅನ್ನುವ ಶಿಲೀಂಧ್ರ. ತೇವ ಜಾಸ್ತಿಯಾದಾಗ ಹರಡುತ್ತದೆ. ತಗುಲಿದ ಎಲೆ ಕತ್ತರಿಸಿ ಕಸಕ್ಕೆ ಹಾಕಿ, ಗೆಡ್ಡೆಯ ಒಣ ಸಿಪ್ಪೆ ಸುಲಿಯಿರಿ, ಮೇಲಿಂದ ನೀರು ಹಾಕುವುದು ನಿಲ್ಲಿಸಿ. ಹಿಟ್ಟು ತಿಗಣೆ ಎಲೆಗಳ ಸಂದಿಯಲ್ಲಿ ಬಿಳಿ ಹತ್ತಿಯ ಹಾಗೆ ಕೂತಿರುತ್ತದೆ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಎಲೆಯ ಮೇಲೆ ಹಳದಿ ಹಸಿರು ಪಟ್ಟೆ ಪಟ್ಟೆ ಬಂದು ವರ್ಷ ವರ್ಷ ಗಿಡ ಸೊರಗುತ್ತಿದ್ದರೆ ಅದು ವೈರಸ್‌ನಿಂದ ಬರುವ ನಂಜುರೋಗ, ಮದ್ದಿಲ್ಲ. ಬೇರೆ ಗಿಡಗಳಿಗೆ ಹರಡುವ ಮೊದಲು ಎಸೆಯುವುದೇ ಸರಿ.

ಒಂದು ಎಚ್ಚರಿಕೆ, ಇದನ್ನು ಗಟ್ಟಿಯಾಗಿ ಹೇಳಬೇಕು. ಗೆಡ್ಡೆ ನೋಡಲು ಥೇಟ್ ಈರುಳ್ಳಿ. ಆದರೆ ಒಳಗೆ ಲೈಕೊರಿನ್ ಅನ್ನುವ ವಿಷ ಇದೆ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ. ಎಲೆ ಹೂವಿಗಿಂತ ಗೆಡ್ಡೆಯಲ್ಲಿ ಜಾಸ್ತಿ. ನಾಯಿ ಬೆಕ್ಕುಗಳಿಗೂ ಅಪಾಯ. ಊರಿಂದ ಅಪ್ಪ ಅಮ್ಮ ಬಂದಿದ್ದಾಗ ನೆಲಮಾಳಿಗೆಯಲ್ಲಿ ಬಿಡಿ ಗೆಡ್ಡೆಯನ್ನು ಈರುಳ್ಳಿ ಆಲೂಗಡ್ಡೆಯ ಬುಟ್ಟಿಯ ಹತ್ತಿರ ಇಡಲೇಬೇಡಿ. ಕುಂಡದ ಸಮೇತ ಮಲಗಿಸುವುದಕ್ಕೆ ನನಗೆ ಇದೂ ಒಂದು ಕಾರಣ.

ಮೇಣ ಸುತ್ತಿದ ಗೆಡ್ಡೆಗಳ ಬಗ್ಗೆಯೂ ಕೇಳುತ್ತಾರೆ. ಕೆಂಪು, ಚಿನ್ನದ ಬಣ್ಣದ ಮೇಣದಲ್ಲಿ ಅದ್ದಿ, ನೀರೂ ಬೇಡ ಮಣ್ಣೂ ಬೇಡ ಅಂತ ಮಾರುತ್ತಾರೆ. ಹೂ ಬಿಡುತ್ತದೆ ನಿಜ, ಗೆಡ್ಡೆಯೊಳಗೆ ಅಷ್ಟು ಊಟ ನೀರು ಇರುತ್ತದೆ. ಆದರೆ ಅದರ ಬೇರು ಕತ್ತರಿಸಿರುತ್ತಾರೆ, ಬುಡಕ್ಕೂ ಕೆಲವೊಮ್ಮೆ ಪೆಟ್ಟಾಗಿರುತ್ತದೆ. ಹೂವಾದ ಮೇಲೆ ಮೇಣ ಬಿಡಿಸಿ ನೆಟ್ಟರೂ ಬದುಕುವುದು ಕಡಿಮೆ. ವರ್ಷಗಟ್ಟಲೆ ಬದುಕಬಲ್ಲ ಗಿಡವನ್ನು ಒಂದು ಸಲದ ಅಲಂಕಾರ ಮಾಡುವುದು ನನಗೆ ಸಂಕಟ ಅನ್ನಿಸುತ್ತದೆ. ಅದೇ ದುಡ್ಡಿಗೆ ಬರಿ ಗೆಡ್ಡೆ ತನ್ನಿ.

ಚೆನ್ನಾಗಿ ನೋಡಿಕೊಂಡ ಗೆಡ್ಡೆಗೆ ಎರಡು ಮೂರು ವರ್ಷಕ್ಕೆ ಪಕ್ಕದಲ್ಲಿ ಮರಿಗಳು ಬರುತ್ತವೆ. ಮರಿಗೆ ತನ್ನದೇ ಬೇರು ಬಂದ ಮೇಲೆ ಬಿಡಿಸಿ ಬೇರೆ ನೆಟ್ಟರೆ ಮೂರು ವರ್ಷದ ಸುಮಾರಿಗೆ ಅದೂ ಹೂ ಬಿಡುತ್ತದೆ. ನನ್ನ ಹತ್ತಿರ ಈಗಿರುವ ಆರರಲ್ಲಿ ನಾಲ್ಕು ಹೀಗೆ ಬಂದವು. ಇನ್ನೆರಡು ಮರಿಗಳು ಇಲ್ಲಿನ ಇಬ್ಬರು ಸ್ನೇಹಿತೆಯರ ಮನೆಯಲ್ಲಿವೆ. ಬೆಂಗಳೂರು ಮೈಸೂರಿನಲ್ಲಿ ಇರುವವರಿಗೆ ನೆಲಮಾಳಿಗೆ, ಥರ್ಮಾಮೀಟರ್ ಏನೂ ಬೇಡ. ನೀರು ನಿಲ್ಲದ ಜಾಗದಲ್ಲಿ ನೆಟ್ಟು, ಮಳೆಗಾಲದಲ್ಲಿ ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ, ಸಂಕ್ರಾಂತಿ ಆದ ಮೇಲೆ ನೀರು ಹಾಕುವುದು ಮರೆತುಬಿಟ್ಟರೆ ಸಾಕು.

ಮೊನ್ನೆ ಮೇ ಎರಡನೇ ಭಾನುವಾರ ನನ್ನ ಆರು ಕುಂಡಗಳನ್ನು ಹಿತ್ತಿಲಿನ ಮೇಪಲ್ ಮರದ ನೆರಳಿಗೆ ಸಾಗಿಸುತ್ತಿದ್ದೆ. ಅಮ್ಮನ ವಿಡಿಯೋ ಕಾಲ್ ಬಂತು. 'ನೋಡೇ, ಭರಣಿ ಚೆನ್ನಾಗಿ ಹಿಡಿದಿತ್ತು, ಕಲ್ಲಿನ ಪಕ್ಕ ಹನ್ನೊಂದು ದಂಟು ಬಂದಿದೆ' ಅಂದರು. ಫೋನ್ ತಿರುಗಿಸಿ ತೋರಿಸಿದರು. ಒದ್ದೆ ಮಣ್ಣು, ಒಗೆಯುವ ಕಲ್ಲು, ಅದರಾಚೆ ಒಂದು ಸಾಲು ಕೆಂಪು. ನಾನು ನನ್ನ ಕುಂಡಗಳನ್ನು ತೋರಿಸಿದೆ. 'ನಿನ್ನದು ಬರೀ ಎಲೆ ಅಲ್ಲೇನೇ?' ಅಂದರು. ಹೌದಮ್ಮ, ಈಗ ಎಲೆಯ ಕಾಲ ಅಂದೆ.